ಸೀಟಿಲ್ಲದ ಲ್ಯಾಂಡರ್

ಲ್ಯಾಂಡರ್‌ನ ಬಾಗಿಲೊಳಗೆ ತಲೆ ತೂರಿಸಿದ ಇಂದ್ರಾಣಿಯ ಎದೆ ಧಸಕ್ಕೆಂದಿತು. ಒಳಗೆ ಇಬ್ಬರು ನಿಲ್ಲುವಷ್ಟು ಜಾಗ ಬಿಟ್ಟರೆ ಒಂದೇ ಒಂದು ಸೀಟೂ ಇರಲಿಲ್ಲ!

ಜಯನಗರದ ಸೀರೆ ಅಂಗಡಿಯೊಂದರಲ್ಲಿ ಅವಳು ಹನ್ನೊಂದು ವರ್ಷದಿಂದ ಸೇಲ್ಸ್‌ನಲ್ಲಿದ್ದಳು. ಗಿರಾಕಿಗಳಿಗೆ ಮೆತ್ತನೆ ಸೋಫಾ. ಕೆಲಸದವರು ಮಾತ್ರ ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಕೂರುವ ಹಾಗಿಲ್ಲ. ಹೋದ ತಿಂಗಳು ಎರಡು ನಿಮಿಷ ಕೂತಳೆಂದು ಶ್ವೇತಳನ್ನು ಮಾಲೀಕ ಕೆಂಪರಾಜು ಅವತ್ತೇ ಕೆಲಸದಿಂದ ತೆಗೆದಿದ್ದ. ಇಂದ್ರಾಣಿಯ ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ಹಬ್ಬದ ಅಲಂಕಾರಕ್ಕೆಂದು, ಮನುಷ್ಯರನ್ನು ಚಂದ್ರನ ಮೇಲೆ ಇಳಿಸುವ ಲ್ಯಾಂಡರ್‌ನ ದೊಡ್ಡ ಮಾದರಿ ಅಂಗಡಿಯ ಮುಂದೆ ಬಂದಿತ್ತು. ಗಗನಯಾತ್ರಿಗಳ ಸೀಟಿನಲ್ಲಿ ಗುಟ್ಟಾಗಿ ಐದು ನಿಮಿಷ ಕೂತು ಬರೋಣವೆಂದು ಪಾಪ, ಮೂರು ದಿನದಿಂದ ಹೊಂಚು ಹಾಕಿದ್ದಳು.

"ಸೀಟು ಇನ್ನೂ ಹಾಕಿಲ್ವೇನಮ್ಮ?" ಒಳಗೆ ಸ್ಕ್ರೂ ಬಿಗಿಯುತ್ತಿದ್ದ ಮೈತ್ರಿಯನ್ನು ಕೇಳಿದಳು. ಮಾದರಿ ಮಾಡಿದವಳು ಅವಳೇ.

"ಇದ್ರಲ್ಲಿ ಸೀಟೇ ಇರಲ್ಲ ಆಂಟಿ. ಮೊದಲ್ನೇ ಸಲ ಚಂದ್ರನ ಮೇಲೆ ಇಳಿದೋರು ನಿಂತ್ಕೊಂಡೇ ಇಳಿದಿದ್ದು. ತೂಕ ಕಮ್ಮಿ ಆಗ್ಲಿ ಅಂತ ಸೀಟೇ ಬೇಡ ಅಂದ್ರು."

"ಅಯ್ಯೋ ಶಿವನೇ! ಅಂಥೋರಿಗೂ ನಿಲ್ಲೋ ಡ್ಯೂಟಿನಾ? ಎಷ್ಟೊತ್ತು?"

"ಕೊನೇಲಿ ಇಂಜಿನ್ ಉರಿಸ್ಕೊಂಡು ಇಳಿಯೋಕೆ ಹನ್ನೆರಡು ನಿಮಿಷ. ಬೀಳಬಾರ್ದು ಅಂತ ಈ ಥರ ಬೆಲ್ಟ್ ಬೇರೆ." ಚಾವಣಿಯಿಂದ ಇಳಿಬಿಟ್ಟಿದ್ದ ಬೆಲ್ಟನ್ನು ಮೈತ್ರಿ ತೋರಿಸಿದಳು.

ಹನ್ನೆರಡು ನಿಮಿಷ! ಅದಕ್ಕೂ ಬೆಲ್ಟು! ಇಂದ್ರಾಣಿ ಕೈಚಾಚಿ ಅದನ್ನು ಎಳೆದು ನೋಡಿದಳು. ಹನ್ನೊಂದು ವರ್ಷದಲ್ಲಿ, ಇವಳು ಎಲ್ಲಿ ಬಿದ್ದಾಳೋ ಎಂದು ಒಬ್ಬರೂ ಯೋಚಿಸಿರಲಿಲ್ಲವಲ್ಲ ಎಂದು ಅವಳ ಹೊಟ್ಟೆ ಉರಿಯಿತು.

"ಗಟ್ಟಿ ಇದ್ಯಾ ಇದು?"

"ಜನ ಹಾಕ್ಕೊಂಡು ಫೋಟೋ ತೆಗೆಸ್ಕೋತಾರಲ್ಲ, ನೀವು ಜೋತುಬಿದ್ರೂ ಏನಾಗಲ್ಲ. ಬನ್ನಿ, ಹಾಕ್ತೀನಿ."

ಮೈತ್ರಿ ಅವಳ ಸೊಂಟಕ್ಕೂ ಹೆಗಲಿಗೂ ಬೆಲ್ಟ್ ಬಿಗಿದಳು. ಇಂದ್ರಾಣಿ ಅಳುಕುತ್ತಲೇ ಮೈಭಾರವನ್ನು ಬೆಲ್ಟಿಗೆ ಬಿಟ್ಟಳು. ಪಾದಗಳ ಉರಿ ತಟ್ಟನೆ ಇಳಿಯಿತು. ಕಣ್ಣುಗಳು ತಾವಾಗಿ ಮುಚ್ಚಿಕೊಂಡವು.

"ಇಂದ್ರಾಣೀ! ಡ್ಯೂಟಿ ಟೈಮಲ್ಲಿ ಏನಿದು?"

ಬಾಗಿಲಲ್ಲಿ ಕೆಂಪರಾಜು. ಶ್ವೇತ ಅಳುತ್ತಾ ಮೆಟ್ಟಿಲಿಳಿದದ್ದು ನೆನಪಾಯಿತು. ಕೈ ಬೆಲ್ಟಿನ ಕೊಂಡಿಗೆ ಹೋಯಿತು. ಆಮೇಲೆ ಅವಳು ತಲೆ ಬಗ್ಗಿಸಿ ತನ್ನ ಪಾದಗಳನ್ನೊಮ್ಮೆ ನೋಡಿಕೊಂಡಳು. ಎರಡೂ ನೆಲದ ಮೇಲೆಯೇ ಇದ್ದವು.

ಕೊಂಡಿಯಿಂದ ಕೈ ತೆಗೆದಳು.

"ನಿಂತೇ ಇದೀನಲ್ಲ ಸಾರ್."