ಚೋಕ್ ಬಿಡುವ ಹೊತ್ತು

ಗುರುಶಾಂತನಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತ ಹಾವೇರಿಯ ಆ ಓಣಿಯವರೆಲ್ಲ ಮಾತಾಡುತ್ತಿದ್ದರು...

ಸುಳ್ಳೇನಲ್ಲ. ಹೆಂಡತಿ ದಾಕ್ಷಾಯಣಿಗೆ ಲಕ್ವಾ ಹೊಡೆದಾಗಿನಿಂದ ಎಂಟು ತಿಂಗಳು ಬಟ್ಟೆ ಅಂಗಡಿಯನ್ನು ಅರ್ಧ ದಿನ ಮುಚ್ಚಿ ಅವಳ ಸೇವೆ ಮಾಡಿದವನು ಅವನು.

ಕೈಕಾಲು ಸರಿಹೋದವು. ಮಾತು ಮಾತ್ರ ತಡೆದು ತಡೆದು ಬರುತ್ತಿತ್ತು.

"ಮಾತಾಡಾಕ ಬಿಡ್ರಿ, ನಿಧಾನಕ್ಕ ಬರ್ತೈತಿ" ಅಂದಿದ್ದರು ಡಾಕ್ಟರು.

ಆದರೆ ಅವಳು ಒಂದೊಂದು ಪದಕ್ಕೂ ಒದ್ದಾಡುವುದನ್ನು ನೋಡಲು ಇವನ ಕರುಳು ಒಪ್ಪಬೇಕಲ್ಲ... ಅವಳು ಬಾಯಿ ತೆರೆಯುವಷ್ಟರಲ್ಲಿ ಇವನೇ ಮಾತು ಮುಗಿಸಿಬಿಡುತ್ತಿದ್ದ. ನೀರು ಬೇಕೇನು? ಸಾಕಾತೇನು? ಮಲಗ್ತೀಯೇನು?

ಬರಬರುತ್ತಾ ಅವಳು ಮಾತಾಡುವುದನ್ನೇ ಬಿಟ್ಟಳು.

ಅಷ್ಟರಲ್ಲಿ ಅವಳ ತಮ್ಮ ಫಕ್ಕೀರೇಶನ ಮನೆಯಲ್ಲಿ ತೊಟ್ಟಿಲು ಕಾರ್ಯ ಬಂತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಹೆಣ್ಣುಮಗು.

ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ದಾಕ್ಷಾಯಣಿ. ಹನ್ನೊಂದು ವರ್ಷ ಈ ದಿನಕ್ಕಾಗಿ ಕಾದವಳು. ಪ್ರಣತಿ ಅನ್ನುವ ಹೆಸರೂ ಅವಳೇ ಆರಿಸಿಟ್ಟದ್ದು.

ಗುರುಶಾಂತನಿಗೆ ಮಾತ್ರ ಒಂದೇ ಚಿಂತೆ... ನೆಂಟರ ಮುಂದೆ ಅವಳು ತಡವರಿಸಿದರೆ? ಯಾರಾದರೂ ನಕ್ಕರೆ?

ಮೊದಲೇ ಫಕ್ಕೀರೇಶನಿಗೆ ಫೋನ್ ಮಾಡಿದ್ದ. "ಹೆಸರು ನಿಮ್ಮ ಚಿಕ್ಕಪ್ಪನ ಮಗಳು ಶೈಲಾ ಹೇಳಲಿ. ಇಕಿಗೆ ಯಾಕ ಸುಮ್ಮನ ತ್ರಾಸು."

ಕಾರ್ಯದ ದಿನ ಬೆಳಿಗ್ಗೆ ತವರಿಗೆ ಬಂದ ಮೇಲೆ ದಾಕ್ಷಾಯಣಿಗೆ ವಿಷಯ ತಿಳಿಯಿತು. ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಮನೆಯಲ್ಲಿ ಒಂದು ರೂಢಿ. ಏನೇ ಶುಭಕಾರ್ಯವಿರಲಿ, ಮೊದಲು ದಾಕ್ಷಾಯಣಿಯ ತೀರಿಹೋದ ಅಪ್ಪ ಕೊಂಡಿದ್ದ ಹಳೇ ಪೆಟ್ರೋಲ್ ಟ್ರ್ಯಾಕ್ಟರ್ ಚಾಲೂ ಮಾಡಬೇಕು. ಅದರ ಸದ್ದು ಕೇಳಿದರೆ ಅಪ್ಪನೇ ಬಂದು ಹರಸಿದಂತೆ ಅವರಿಗೆ.

ಅದಕ್ಕೆ ಇಬ್ಬರು ಬೇಕು. ಒಬ್ಬರು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು, ಇನ್ನೊಬ್ಬರು ಸೀಟಿನಲ್ಲಿ ಕೂತು ಚೋಕ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿ ತಡೆಯುವ ಗುಂಡಿ, ನೋಡಿಕೊಳ್ಳಬೇಕು.

"ಮಾಮಾ, ಮ್ಯಾಲ ಹತ್ರಿ. ಚೋಕ್ ಪೂರ್ತಿ ಎಳೀರಿ. ಎಂಜಿನ್ ಹತ್ಕೊಂಡ ಕೂಡ್ಲೇ ಒಳಗ ತಳ್ಳ್ರಿ" ಅಂದ ಫಕ್ಕೀರೇಶ.

ಮೂರನೇ ತಿರುವಿಗೆ ಎಂಜಿನ್ ಹತ್ತಿಕೊಂಡಿತು. ಗುರುಶಾಂತ ಚೋಕ್ ಬಿಡಲೇ ಇಲ್ಲ... ಬಿಟ್ಟರೆ ಎಲ್ಲಿ ಆರಿಹೋಗುತ್ತೋ ಅನ್ನುವ ಭಯ.

ಟ್ರ್ಯಾಕ್ಟರ್ ಕಪ್ಪು ಹೊಗೆ ಕಾರಿ, ಕೆಮ್ಮಿ ನಿಂತಿತು. ಎರಡನೇ ಸಲವೂ ಅದೇ ಹಾಡು.

ಫಕ್ಕೀರೇಶ ಬೆವರೊರೆಸಿಕೊಂಡ. "ಮಾಮಾ, ತಣ್ಣಗಿದ್ದಾಗ ಅದಕ್ಕ ಚೋಕ್ ಬೇಕ್ರಿ. ಹತ್ತಿದ ಮ್ಯಾಲೂ ಎಳದ ಹಿಡದ್ರ ಗಾಳಿ ಸಿಗಂಗಿಲ್ಲ. ನೀವು ಕಾಳಜಿ ಮಾಡಾಕ ಹೋಗಿ ಅದನ್ನ ಬಂದ್ ಮಾಡಾಕತ್ತೀರಿ."

"ಬಿಟ್ರ ಆರಿ ಹೋದ್ರ?"

"ಸ್ವಲ್ಪ ಕೆಮ್ಮತೈತಿ. ಕೆಮ್ಮಲಿ. ನೀವು ಗಡಿಬಿಡಿ ಮಾಡಬ್ಯಾಡ್ರಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುಮಾಡಿದರು. ಈ ಸಲ ಎಂಜಿನ್ ಹತ್ತಿದ ಮೇಲೆ ಅವನು ಚೋಕನ್ನು ನಿಧಾನಕ್ಕೆ ಒಳಗೆ ತಳ್ಳುತ್ತಾ ಬಂದ.

ಎಂಜಿನ್ ಕೆಮ್ಮಿತು... ಇನ್ನೊಮ್ಮೆ ಕೆಮ್ಮಿತು. ಅವನ ಕೈ ತಾನಾಗಿ ಚೋಕಿನ ಕಡೆ ಹೋಯಿತು. ಹೇಗೋ ತಡೆದುಕೊಂಡ.

ಟ್ರ್ಯಾಕ್ಟರ್ ತನ್ನಷ್ಟಕ್ಕೆ ತಾನೇ ಓಡತೊಡಗಿತು. ಎಲ್ಲರೂ ಚಪ್ಪಾಳೆ ಹೊಡೆದರು.

ಗುರುಶಾಂತ ಮಾತ್ರ ಸೀಟಿನಿಂದ ಇಳಿಯಲಿಲ್ಲ. ಕಟ್ಟೆಯ ಮೇಲೆ ಕೂತ ಹೆಂಡತಿಯನ್ನೇ ನೋಡುತ್ತಿದ್ದ...

ಅಯ್ಯೋ ಶಿವನೇ, ಎಂಟು ತಿಂಗಳು ನಾನು ಇವಳಿಗೆ ಮಾಡಿದ್ದೂ ಇದನ್ನೇ ಅಲ್ಲವೇ...

ಇಳಿದು ಅವಳ ಹತ್ತಿರ ಹೋದ. "ದಾಕ್ಷಾ, ಹೆಸರು ನೀನ ಹೇಳಬೇಕು."

ಅವಳು ಹೆದರಿ ತಲೆ ಅಲ್ಲಾಡಿಸಿದಳು.

"ಎಷ್ಟ ಹೊತ್ತು ಬೇಕಾದ್ರೂ ಆಗಲಿ. ನಾ ನಡುವ ಬಾಯಿ ಹಾಕಂಗಿಲ್ಲ."

ತೊಟ್ಟಿಲ ಸುತ್ತ ಹೆಂಗಸರು ನೆರೆದರು. ದಾಕ್ಷಾಯಣಿ ಮಗುವಿನ ಕಿವಿಯ ಹತ್ತಿರ ಬಗ್ಗಿದಳು.

"ಪ್ರ..."

ಅಷ್ಟೇ. ಮುಂದೆ ಬರಲಿಲ್ಲ. ಹಣೆಯ ಮೇಲೆ ಬೆವರು.

"ಶೈಲಾ, ನೀನಾರ ಹೇಳಬಾರದೇನ" ಅಂದಳು ಯಾರೋ ಅಜ್ಜಿ.

ಗುರುಶಾಂತ ಕೈ ಎತ್ತಿ ಅಜ್ಜಿಯನ್ನು ತಡೆದ. ಹೆಸರು ಅವನ ನಾಲಿಗೆಯ ತುದಿಗೇ ಬಂದಿತ್ತು. ತುಟಿ ಕಚ್ಚಿಕೊಂಡು ನಿಂತ.

"ಪ್ರ... ಣ..."

ಇಡೀ ಮನೆ ಕಾಯುತ್ತಿತ್ತು.

"...ತಿ."

ಹೆಂಗಸರು ನಗುತ್ತಾ ಪದ್ಧತಿಯಂತೆ ಅವಳ ಬೆನ್ನಿಗೆ ಮೆತ್ತಗೆ ಗುದ್ದಿದರು. ಅವಳು ಇನ್ನೂ ಎರಡು ಸಲ ಹೇಳಿದಳು. ಮೂರನೆಯ ಸಲ ಅಷ್ಟೊಂದು ತಡವರಿಸಲಿಲ್ಲ.

ಆಮೇಲೆ ಗಂಡನ ಕಡೆ ತಿರುಗಿದಳು. "ನೀವ್... ಯಾಕ... ಅಳಾ... ಕತ್ತೀರಿ?"

ಎಂಟು ತಿಂಗಳಲ್ಲಿ ಅವಳು ಗಂಡನ ಜೊತೆ ತಾನಾಗಿ ಆಡಿ ಮುಗಿಸಿದ ಮೊದಲ ಮಾತು ಅದು.

ಉತ್ತರ ಕೊಡಲು ಈಗ ಅವನಿಗೇ ಮಾತು ಹೊರಡಲಿಲ್ಲ. ಅವಳು ಅವನ ಕೈ ಹಿಡಿದುಕೊಂಡು ಸುಮ್ಮನೆ ಕಾದಳು.

ಬೇಕಾದಾಗ ಆಸರೆ ಕೊಡುವುದು ಪ್ರೀತಿ... ಬೇಡವಾದಾಗ ಧೈರ್ಯ ಮಾಡಿ ಕೈ ತೆಗೆಯುವುದೂ ಪ್ರೀತಿಯೇ.

ನಾವು ಅಕ್ಕರೆಯಿಂದಲೇ ನಮ್ಮ ಮನೆಯಲ್ಲಿ ಯಾರ ಮಾತನ್ನು ಅರ್ಧಕ್ಕೆ ಕಸಿದುಕೊಳ್ಳುತ್ತಿದ್ದೇವೆ? ಇವತ್ತು ಒಮ್ಮೆ ಯೋಚಿಸಿ ನೋಡುತ್ತೀರಾ...?