ಎರಡನೇ ಸಲಿಕೆ

ಜೀಪಿನ ಹಿಂದಿನ ಗಾಲಿ ಮತ್ತೆ ಹೂತಿತು. ತಾಹಿರ್ ಆಕ್ಸಿಲರೇಟರ್ ಒತ್ತಿದಷ್ಟೂ ಅದು ಗರಗರ ತಿರುಗಿ, ಬಿಳಿ ಪುಡಿಯನ್ನು ಹಿಂದಕ್ಕೆ ತೂರಿ, ತನ್ನ ಗುಂಡಿಯನ್ನು ತಾನೇ ಆಳ ಮಾಡಿಕೊಂಡಿತು. ಗುಡ್ಡದ ಕೆಳಗೆ ಕಾಯುತ್ತಿದ್ದ ಗುಂಪಿನಲ್ಲಿ ಯಾರೋ ನಕ್ಕರು. ತಾಹಿರ್ ತಿರುಗಿ ನೋಡಲಿಲ್ಲ. ಆ ಗುಂಪಿನಲ್ಲಿ ಅವನ ಹೆಂಡತಿ ಹುಸ್ನಾ ಕೂಡ ಕೂತಿದ್ದಳು.

ಅದು ಮರಳುಗಾಡಲ್ಲ. ವಾಡಿ ಮತ್ತು ಶಹಾಬಾದ್ ನಡುವೆ ಮುಚ್ಚಿಹೋದ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿ. ಕಲ್ಲು ಕೊಯ್ದು ಉಳಿದ ಪುಡಿ ಅಲ್ಲಿ ಗುಡ್ಡಗುಡ್ಡವಾಗಿ ಬಿದ್ದಿತ್ತು. ಅರಬರ ದೇಶದಲ್ಲಿ ವರ್ಷಗಟ್ಟಲೆ ಮರಳ ದಿಬ್ಬ ಹತ್ತಿಳಿದು ಊರಿಗೆ ಬಂದಿದ್ದ ಚಾಂದ್ ಮಾಮು, "ನಮ್ಮ ಕಡಿ ಮರಳುಗಾಡು ಅಂದ್ರ ಇದೇ" ಎಂದು ಅಲ್ಲೇ ತಾಲೀಮು ಶುರು ಮಾಡಿದ್ದರು. ಪ್ರವಾಸಿಗಳನ್ನು ಮರಳುಗಾಡಿನಲ್ಲಿ ಸುತ್ತಾಡಿಸುವ ಕಂಪನಿಯೊಂದಕ್ಕೆ ಡ್ರೈವರ್ ಬೇಕಾಗಿತ್ತು. ಶುಕ್ರವಾರ ಕಂಪನಿಯವರೇ ಬಂದು ಪರೀಕ್ಷೆ ಮಾಡುವವರಿದ್ದರು. ಪಾಸಾದರೆ ಗಂಡ ಹೆಂಡತಿ ಇಬ್ಬರಿಗೂ ವೀಸಾ, ಇರಲು ಮನೆ.

ವಾಡಿ ಸ್ಟೇಷನ್ ಮುಂದಿನ ಚಹಾದಂಗಡಿಯಲ್ಲಿ ತಾಹಿರ್ ಆಗಲೇ ಡಂಗುರ ಸಾರಿ ಬಂದಿದ್ದ: "ನಮ್ಮ ಮನಿಗಿ ಡ್ರೈವರ್ ಕೆಲ್ಸ ಬರ್ಲಾಕತ್ತದ!" ಕೇಳಿದವರು ಬೆನ್ನು ತಟ್ಟಿದರು. ಅವನು ತಟ್ಟಿಸಿಕೊಂಡ. ಈಗ ಕೆಲಸ ತಪ್ಪಿದರೆ ಯಾವ ಮುಖ ಇಟ್ಟುಕೊಂಡು ಅಲ್ಲಿ ಚಹಾ ಕುಡಿಯುವುದು? ಸಿಮೆಂಟ್ ಲಾರಿ ಓಡಿಸಿಯೇ ತಲೆ ನರೆತವನು ಪುಡಿಯ ಗುಡ್ಡಕ್ಕೆ ಸೋತನೆಂದರೆ ನಾಲ್ಕು ಜನ ಬಾಯಿಗೆ ಬಂದ ಹಾಗೆ ಆಡಿಕೊಳ್ಳುವುದಿಲ್ಲವೆ?

ಸಂಘಪಾಲ ಸಲಿಕೆ ಹೊತ್ತು ಮೇಲೆ ಬಂದ. ಶಹಾಬಾದಿನವನು. ಅವನ ಹೆಂಡತಿ ಯಶೋಧರಾ ಅಲ್ಲಿ ಆಟೋ ಓಡಿಸುವವಳು. ಈಗ ತಾನೇ ಇದೇ ಗುಡ್ಡವನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹತ್ತಿ ಇಳಿದಿದ್ದಳು. ಸಂಘಪಾಲನಿಗೆ ಅದರ ನಾಚಿಕೆಯೂ ಇರಲಿಲ್ಲ. ಕೆಳಗೆ ನಿಂತು ಚಪ್ಪಾಳೆ ಹೊಡೆದಿದ್ದ.

"ಕೆಳಗ ಇನ್ನೊಂದು ಸಲಿಕಿ ಅದ ನೋಡ್ರಿ ಭಾಯ್," ಎಂದ ಸಂಘಪಾಲ, ಗಾಲಿಯ ಸುತ್ತ ಅಗೆಯುತ್ತ. "ನಮ್ಮಂಥೋರ ಕೆಲ್ಸ ಅದೇ."

"ನಿಮ್ಮದಿರಬೇಕು. ನಂದಲ್ಲ," ಎಂದು ತಾಹಿರ್ ಹಲ್ಲು ಕಡಿದ.

ಕೆಳಗಿನಿಂದ ಚಾಂದ್ ಮಾಮು ಕೂಗಿದರು. "ಗಾಳಿ ಇಳಸೋ ತಾಹಿರ್! ಗಾಲಿ ಮೆತ್ತಗಾದ್ರ ಅಗಲ ಆಗ್ತದ, ಪುಡಿ ಮ್ಯಾಲೆ ತೇಲ್ತದ. ಎಷ್ಟು ಸಲ ಹೇಳ್ಲಿ?"

ಉಳಿದವರೆಲ್ಲ ಗಾಳಿ ಇಳಿಸಿಯೇ ಓಡಿಸುತ್ತಿದ್ದರು. ತಾಹಿರ್ ಮಾತ್ರ ತನ್ನ ಪಾಳಿ ಬಂದಾಗ ಕಾಲುಪಂಪು ಒತ್ತಿ ಒತ್ತಿ, ಗಾಲಿಯನ್ನು ಕಲ್ಲಿನಂತೆ ಗಟ್ಟಿ ಮಾಡಿಕೊಂಡು ಹತ್ತುತ್ತಿದ್ದ. ಗಾಳಿ ಕಮ್ಮಿಯಿದ್ದ ಗಾಡಿಯನ್ನು ಮುಟ್ಟಿದವನು ಡ್ರೈವರೇ ಅಲ್ಲ ಎಂಬುದು ಸಿಮೆಂಟ್ ಲಾರಿಯವರ ಧರ್ಮ. ಹೇಳಿಸಿಕೊಳ್ಳುವ ಜಾಯಮಾನವೂ ಅವನದಲ್ಲ. ಮನೆಗೆ ಹೊಸದೇನೇ ಬರಲಿ, ಮೊದಲು ಅವನ ಕೈ, ಆಮೇಲೆ ಹುಸ್ನಾಳ ಕೈ. ಮಿಕ್ಸರಿನ ಮೋಟಾರು ಬಂದ ದಿನವೇ ಸುಟ್ಟದ್ದು ಹಾಗೆಯೇ.

ಹುಸ್ನಾ ಶಾಲೆಯ ವ್ಯಾನಿನ ಕೆಲಸಕ್ಕೆ ರಜೆ ಹಾಕಿ ದಿನಾ ಜೊತೆಗೆ ಬರುತ್ತಿದ್ದಳು. ಬುತ್ತಿ ಪಕ್ಕಕ್ಕಿಟ್ಟುಕೊಂಡು ಬೇವಿನ ಮರದ ಕೆಳಗೆ ಕೂರುವಳು. ಮಾತಿಲ್ಲ, ಕತೆಯಿಲ್ಲ. ಗಾಡಿ ಎಲ್ಲಿ ತಿರುಗಿತು, ಎಲ್ಲಿ ಹೂತಿತು, ಅಷ್ಟನ್ನೇ ಕಣ್ಣಿಟ್ಟು ನೋಡುವಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಆ ನೋಟಕ್ಕೆ ಅವನು ಕುಗ್ಗಿಹೋಗುತ್ತಿದ್ದ.

ಗುರುವಾರ ಚಾಂದ್ ಮಾಮು ಮತ್ತೆ ಕೇಳಿದರು. "ಇವತ್ತೂ ನೀನೇ ಕುಂದ್ರತಿ ಏನು?"

"ಮೊದ್ಲು ನಂಗ ಬರ್ಲಿ ಮಾಮು. ಉಳಿದದ್ದು ಆಮ್ಯಾಲೆ."

ಮಾಮು ಬೇವಿನ ಮರದ ಕಡೆ ನೋಡಿದರು. ಹುಸ್ನಾ ತಲೆ ತಗ್ಗಿಸಿದಳು. ತಾಹಿರ್ ಅಂದೂ ಹೂತ.

ಶುಕ್ರವಾರ ಬೆಳಿಗ್ಗೆ ಕಂಪನಿಯ ಕಡೆಯಿಂದ ಖುರ್ಷಿದಬೇಗಂ ಬಂದರು. ಯಶೋಧರಾ ಮೊದಲು ಓಡಿಸಿ ಪಾಸಾದಳು. ಅವಳು ಇಳಿದದ್ದೇ ತಡ, ಯಾರೂ ಕರೆಯುವ ಮೊದಲೇ ತಾಹಿರ್ ಪಂಪು ಒತ್ತಿ, ಜೀಪು ಹತ್ತಿ ಕೂತ. ಕೀಲಿ ತಿರುಗಿಸಲು ಕೈ ಚಾಚಿದ. ಆಗ ಸುಸ್ಸ್ ಎಂದು ಸದ್ದು ಕೇಳಿತು. ಬಾಗಿ ನೋಡಿದರೆ, ಹುಸ್ನಾ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬುರ್ಖಾದ ಪಿನ್ನಿನಿಂದ ವಾಲ್ವ್ ಒತ್ತಿ ಗಾಳಿ ಬಿಡುತ್ತಿದ್ದಾಳೆ.

"ಏ! ಎಲ್ಲಾರ ಮುಂದ ನನ್ನ ಮಾನ ತೆಗೀಬೇಕಂತ ಮಾಡೀ ಏನು?"

"ಇಲ್ರಿ," ಎಂದು ಅವಳು ಮುಂದಿನ ಗಾಲಿಗೆ ಸರಿದಳು. "ಪರೀಕ್ಷಾ ಅದ ಅಲ್ಲ, ಅದಕ್ಕ."

ಖುರ್ಷಿದಬೇಗಂ ಕಿಟಕಿಯ ಬಳಿ ಬಂದು ನಿಂತರು. ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಭಾಯಿಸಾಬ್, ಇಳೀರಿ. ನಮ್ಮ ಕಡಿ ಸವಾರಿಗಿ ಬರೋರು ಬರೇ ಹೆಣ್ಮಕ್ಕಳು. ಗಾಡಿ ನಡಸೋರೂ ಹೆಣ್ಮಕ್ಕಳೇ ಬೇಕು. ಕೆಲ್ಸ ಕೇಳಿದಾಕಿ ಹುಸ್ನಾ. ನೀವು ಸಂಗಡ ಬರೋ ಗಂಡ ಅಲ್ಲೇನು?"

ತಾಹಿರ್ ಇಳಿದ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ; ಬೆನ್ನು ತಟ್ಟಿದವರಿಗೆ ಹೇಳಲಾರದೆ, ತನಗೂ ಹೇಳಿಕೊಳ್ಳದೆ ಇದ್ದುಬಿಟ್ಟಿದ್ದ. ದಿನಾ ಶಾಲೆಯ ವ್ಯಾನು ಓಡಿಸುವ ಹುಸ್ನಾಳ ಪಾಲಿನ ಪಾಳಿಗಳನ್ನೆಲ್ಲ ತಾನೇ ಕೂತು ತಿಂದುಹಾಕಿದ್ದ. ಒಂದನ್ನೂ ಅವಳಿಗೆ ಬಿಟ್ಟಿರಲಿಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು.

ಹುಸ್ನಾ ಹತ್ತಿ ಕೂತು, ಸೀಟನ್ನು ಮುಂದಕ್ಕೆ ಎಳೆದುಕೊಂಡಳು. "ಅಂಜಬ್ಯಾಡ್ರಿ," ಎಂದಳು, ಅವನಿಗಷ್ಟೇ ಕೇಳುವ ಹಾಗೆ. "ನೀವು ಹೂತ ಜಾಗ ಎಲ್ಲಾ ನಂಗ ನೆನಪವ."

ಜೀಪು ಆ ಗುಂಡಿಗಳನ್ನು ಒಂದೊಂದಾಗಿ ಬಳಸಿಕೊಂಡು ಗುಡ್ಡದ ನೆತ್ತಿ ಮುಟ್ಟುವ ಹೊತ್ತಿಗೆ, ಸಂಘಪಾಲ ಸದ್ದಿಲ್ಲದೆ ಬಂದು ಎರಡನೇ ಸಲಿಕೆಯನ್ನು ತಾಹಿರನ ಕೈಗೆ ಕೊಟ್ಟ.