ತಿಬುರ್ಸಿಯೊ ತಿರಸ್ಕರಿಸಿದ ಐದು ಕಾರು

“ಸುಳ್ಳು,” ಎಂದ ತಿಬುರ್ಸಿಯೊ. ಕಾರನ್ನು ಅವನು ಕಂಡಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ. “ಮೀಟರಲ್ಲಿ ಮೂವತ್ತೊಂದು ಸಾವಿರ ಕಿಲೋಮೀಟರ್ ಅಂತೀರಿ. ಬ್ರೇಕ್ ಪೆಡಲಿನ ರಬ್ಬರು ನಮ್ಮಜ್ಜಿ ಒಸಡಿನ ಹಾಗೆ ಸವೆದಿದೆ ಅಂತೀರಿ. ನಿಮ್ಮ ಮೈದುನ ನೋಡಿ ಬಂದಿದ್ದು ಕಾರಾ, ಹೊಲಿಗೆ ಯಂತ್ರಾನಾ?”

ಬಾಸಿಲಿಯಾ ತಲೆ ತಗ್ಗಿಸಿ ಆಪಿಯ ಲೋಟವನ್ನು ಅವನತ್ತ ಸರಿಸಿದಳು. ಎಲ್ ಆಲ್ಟೊ ನಗರದ ಗುರುವಾರದ ಸಂತೆಯಲ್ಲಿ ಹಳೆ ಕಾರುಗಳ ಸಾಲು ಮುಗಿಯುವಲ್ಲಿ ಕುಳಿತು, ನೇರಳೆ ಜೋಳದಿಂದ ಕಾಯಿಸಿದ ಆ ಬಿಸಿ ಆಪಿಯನ್ನು ಮಾರುವವಳು ಅವಳು. ತಲೆಯ ಮೇಲೆ ದುಂಡು ಟೋಪಿ, ಕಾಲು ಮುಚ್ಚುವಷ್ಟು ನೆರಿಗೆ ಲಂಗ. ಮೈದುನನಿಗೆ ಕಡಿಮೆ ಓಡಿದ ಕಾರೊಂದು ಬೇಕಂತೆ. ಕೇಳಲು ಅವನಿಗೆ ಸಂಕೋಚವಂತೆ. ಆದ್ದರಿಂದ ಇವಳು ಕೇಳುತ್ತಿದ್ದಳು.

ತಿಬುರ್ಸಿಯೊಗೆ ಸಂಕೋಚ ಎಂಬುದರ ಪರಿಚಯವೇ ಇರಲಿಲ್ಲ. ಹನ್ನೊಂದು ವರ್ಷಗಳಿಂದ ಅವನು ಕೊಳ್ಳುವವರ ಪರವಾಗಿ ಕಾರುಗಳ ಹೊಟ್ಟೆ ಬಗೆದು, ಮಾರುವವರ ಮುಖಕ್ಕೆ ಉಗಿದುಕೊಂಡು ಬಂದವನು. ಸಂತೆಯ ಪ್ರತಿಯೊಬ್ಬ ದಲ್ಲಾಳಿಯ ದನಿಯನ್ನೂ ಅನುಕರಿಸಬಲ್ಲ. ಎಲ್ಲರೂ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಮೇಷ್ಟ್ರಿಗೆ ಮಾತ್ರ ಸ್ವಂತ ಕಾರಿರಲಿಲ್ಲ. ಸಂಜೆಯಾದರೆ ಸ್ಪ್ಯಾನರುಗಳ ಚೀಲವನ್ನು ಎದೆಗವಚಿಕೊಂಡು ಮಿನಿಬಸ್ಸಿನಲ್ಲಿ ಅಪರಿಚಿತರ ಕಂಕುಳ ಕೆಳಗೆ ನಿಂತು ಮನೆ ಸೇರುತ್ತಿದ್ದ. “ಊರಿನ ಕಾರಿಗೆಲ್ಲ ನಾಡಿ ಹಿಡೀತೀರಿ,” ಎಂದು ಹೆಂಡತಿ ನಿಕೋಲಾಸಾ ಚುಚ್ಚುತ್ತಿದ್ದಳು, “ನಮ್ಮನೆ ಬಾಗಿಲಿಗೆ ಒಂದು ಚಕ್ರನಾದ್ರೂ ಉರುಳಿ ಬಂದಿದ್ಯಾ?” ಕೂಡಿಟ್ಟದ್ದು ಒಂದು ಕಾರಿಗೆ ಆಗುವಷ್ಟಿತ್ತು. ಒಂದೇ ಒಂದು ಕಾರಿಗೆ. ಅದರಲ್ಲಿ ಮೋಸಹೋದರೆ ಹಣದ ಜೊತೆ ಮೇಷ್ಟ್ರು ಎಂಬ ಹೆಸರೂ ಹೋಗುತ್ತಿತ್ತು.

ಮುಂದಿನ ಗುರುವಾರ ಬಾಸಿಲಿಯಾ ಇನ್ನೊಂದು ಕಾರಿನ ಸುದ್ದಿ ತಂದಳು. ಪೆಡಲಿನ ರಬ್ಬರು ಹದವಾಗಿಯೇ ಸವೆದಿದೆ. ಆದರೆ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆ, ಸ್ಟಿಯರಿಂಗ್ ಬೋಳುತಲೆಯಂತೆ ಹೊಳೆಯುತ್ತದೆ. ಅಷ್ಟು ಸಾವಿರ ಸಲ ಕೂತು ಎದ್ದವನು ಚಾಲಕನಲ್ಲ, ಕವಾಯತು ಮಾಡುವ ಪೊಲೀಸನಿರಬೇಕು ಎಂದು ತಿಬುರ್ಸಿಯೊ ಅದನ್ನೂ ತಳ್ಳಿಹಾಕಿದ.

ಮೂರನೆಯ ವಾರದ ಕಾರಿನಲ್ಲಿ ಸೀಟೂ ಸ್ಟಿಯರಿಂಗೂ ಸರಿ. ಸೀಟುಪಟ್ಟಿಯನ್ನು ಪೂರ್ತಿ ಹೊರಗೆಳೆದು ನೋಡಿದಿರಾ ಎಂದು ಅವನು ಕೇಳಿದ. ನೋಡಿರಲಿಲ್ಲ. ನೋಡಿಕೊಂಡು ಬಂದು, ಅಂಚೆಲ್ಲ ನೂಲೆದ್ದಿದೆ ಎಂದಳು. ಅದೂ ಸುಳ್ಳು. ನಾಲ್ಕನೆಯದರಲ್ಲಿ ಪಟ್ಟಿ ಗಟ್ಟಿಯಾಗಿತ್ತು, ಆದರೆ ಟೈರು ಹೊಚ್ಚ ಹೊಸದು. ಒಂಬತ್ತು ವರ್ಷದಲ್ಲಿ ಬರೀ ಮೂವತ್ತೊಂದು ಸಾವಿರ ಓಡಿದ ಕಾರಿಗೆ ಹುಟ್ಟಿದಾಗಿನ ಟೈರೇ ಇರಬೇಕು, ಟೈರಿನ ಮೈಮೇಲೆಯೇ ಇಸವಿ ಇರುತ್ತದೆ ಎಂದು ತಿಬುರ್ಸಿಯೊ ಬೋಧಿಸಿದ. ಬಾನೆಟ್ಟಿನ ಒಳಗೆ ಹಿಂದಿನ ಎಣ್ಣೆ ಬದಲಾವಣೆಯ ಚೀಟಿ ಅಂಟಿಕೊಂಡಿದ್ದರೆ ಅದನ್ನೂ ಓದಬೇಕು. ಕಳ್ಳರಿಗೆ ಮೀಟರು ಹಿಂದಕ್ಕೆ ತಿರುಗಿಸಲು ನೆನಪಿರುತ್ತದೆ, ಚೀಟಿ ಕೀಳಲು ಮರೆಯುತ್ತದೆ.

ಐದನೆಯ ವಾರ ಅವಳ ಮುಖ ಅರಳಿತ್ತು.

“ಎಲ್ಲ ಸರಿ ಇದೆ ಮೇಷ್ಟ್ರೇ. ಮಾರೋರೂ ಒಳ್ಳೇ ಜನ. ಅವರ ಸೋದರತ್ತೆ ಇದನ್ನ ಭಾನುವಾರ…”

“‘…ಚರ್ಚಿಗೆ ಮಾತ್ರ ತಗೊಂಡು ಹೋಗ್ತಿದ್ರು ಸ್ವಾಮೀ, ಅದೂ ಮೆಲ್ಲಗೆ,’” ಎಂದು ತಿಬುರ್ಸಿಯೊ ಮೂಗಿನಲ್ಲಿ ರಾಗ ಎಳೆದ. “ತಾಯಿ, ಈ ಸಂತೇಲಿರೋ ಸೋದರತ್ತೆಯರೆಲ್ಲ ನಿಜವಾಗ್ಲೂ ಚರ್ಚಿಗೆ ಹೋದ್ರೆ ಪಾದ್ರಿಗೆ ನಿಲ್ಲೋಕೂ ಜಾಗ ಸಿಗಲ್ಲ. ಕಥೆ ಹೇಳೋನು ಕಳ್ಳ. ಒಳ್ಳೇ ಕಾರಿನ ಯಜಮಾನ ಬಾಯೇ ಬಿಡಲ್ಲ.”

ಬಾಸಿಲಿಯಾ ನಿಟ್ಟುಸಿರಿಟ್ಟಳು. ಮೈದುನನಿಗೆ ಬೇಸರ ಬಂದಿದೆ, ಇನ್ನು ಹಳೆ ಕಾರಿನ ಸಹವಾಸವೇ ಬೇಡ ಎನ್ನುತ್ತಿದ್ದಾನೆ ಎಂದಳು. ಐವರು ಖದೀಮರಿಂದ ಒಬ್ಬ ಪೆದ್ದಿಯನ್ನು ಕಾಪಾಡಿದ ಕಥೆಯನ್ನು ತಿಬುರ್ಸಿಯೊ ಐದು ದನಿಗಳಲ್ಲಿ ಸಂತೆಯ ಉದ್ದಕ್ಕೂ ಆಡಿ ತೋರಿಸಿದ.

ಎರಡು ವಾರದ ಬಳಿಕ ಸಾಲಿನಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಒಂಬತ್ತು ವರ್ಷದ್ದು, ಮೀಟರಿನಲ್ಲಿ ಮೂವತ್ತೊಂದು ಸಾವಿರ. ಪಕ್ಕದಲ್ಲಿ ತೆಳ್ಳಗಿನ ಮನುಷ್ಯನೊಬ್ಬ ಕೈಕಟ್ಟಿ ನಿಂತಿದ್ದ. ತಿಬುರ್ಸಿಯೊ ಅಭ್ಯಾಸಬಲದಿಂದ ಮೂಗು ಮುರಿಯುತ್ತ ಬಾಗಿದ. ಪೆಡಲು ಹದವಾಗಿ ಸವೆದಿತ್ತು. ಸೀಟಿನ ಅಂಚು ನೆಟ್ಟಗಿತ್ತು. ಪಟ್ಟಿಯನ್ನು ಕೊನೆಯವರೆಗೆ ಎಳೆದ. ಒಂದು ನೂಲೂ ಎದ್ದಿರಲಿಲ್ಲ. ಟೈರಿನ ಇಸವಿ ಕಾರಿನ ಇಸವಿಯೇ. ಬಾನೆಟ್ಟಿನೊಳಗೆ ಚೀಟಿ: ಇಪ್ಪತ್ತೊಂಬತ್ತು ಸಾವಿರ ಕಿಲೋಮೀಟರಿಗೆ ಎಣ್ಣೆ ಬದಲಾಗಿದೆ. ಮುರಿದಿದ್ದ ಮೂಗು ತಾನಾಗಿ ನೇರವಾಯಿತು.

ಯಾಕೆ ಮಾರುತ್ತಿದ್ದೀರಿ ಎಂದು ಕೇಳಿದ. ಆ ಮನುಷ್ಯ ಭುಜ ಕುಣಿಸಿದ. ಯಾರು ಓಡಿಸುತ್ತಿದ್ದರು ಎಂದು ಕೇಳಿದ.

“ನೋಡ್ಕೊಳ್ಳಿ,” ಎಂದನಷ್ಟೇ ಅವನು.

ಕಥೆಯಿಲ್ಲ, ಸೋದರತ್ತೆಯಿಲ್ಲ. ತಿಬುರ್ಸಿಯೊ ಅಲ್ಲೇ ಕೈಕುಲುಕಿ, ಕೂಡಿಟ್ಟದ್ದನ್ನೆಲ್ಲ ಎಣಿಸಿ ಕೊಟ್ಟ.

ಶನಿವಾರ ಗಂಡಹೆಂಡಿರು ಕಾರಿಗೆ ಆಶೀರ್ವಾದ ಮಾಡಿಸಲು ಕೊಪಕಬಾನಾದ ಚರ್ಚಿಗೆ ಹೋದರು; ಕಾರು ಕೊಂಡವರೆಲ್ಲ ಹೋಗುವುದು ಅಲ್ಲಿಗೇ. ಚರ್ಚಿನ ಮುಂದೆ ಹೂಮಾಲೆ ಹೊತ್ತ ವಾಹನಗಳ ಸಾಲು. ಸಾಲಿನ ತುಂಬ ಸಂತೆಯ ಜನವೇ. ಎರಡು ಕಾರಿನಾಚೆ ಬಾಸಿಲಿಯಾ ನಿಂತಿದ್ದಳು, ಸೀಟಿನ ಪ್ಲಾಸ್ಟಿಕ್ಕನ್ನೂ ಕಿತ್ತಿರದ ಹೊಸ ಕಾರಿಗೆ ಒರಗಿಕೊಂಡು. ತಿಬುರ್ಸಿಯೊ ಅವಳನ್ನು ಸಾಲಿಗೆಲ್ಲ ಪರಿಚಯಿಸಿದ: ಇವಳನ್ನು ನಾನು ಐದು ಕಾರಿನಿಂದ ಉಳಿಸಿದೆ ನೋಡಿ, ಎನ್ನುತ್ತ ಖದೀಮರ ದನಿಗಳನ್ನು ಒಂದೊಂದಾಗಿ ಶುರುಮಾಡಿದ. ಸೋದರತ್ತೆಯ ಘಟ್ಟಕ್ಕೆ ಬರುವಷ್ಟರಲ್ಲಿ ಜನ ಹೊಟ್ಟೆ ಹಿಡಿದುಕೊಂಡಿದ್ದರು. ನಿಕೋಲಾಸಾ ಕೂಡ ಕಾರಿನೊಳಗಿನಿಂದ ಹೆಮ್ಮೆಯಿಂದ ನಗುತ್ತಿದ್ದಳು. ಆಗ ಹೊಸ ಕಾರಿನ ಚಾಲಕ ಇಳಿದು ಕೈಕಟ್ಟಿ ನಿಂತ. ತೆಳ್ಳಗಿದ್ದ.

“ನನ್ನ ಮೈದುನ,” ಎಂದಳು ಬಾಸಿಲಿಯಾ. ಹತ್ತಿರ ಬಂದು ದನಿ ತಗ್ಗಿಸಿದಳು. “ಐದು ಕಾರಲ್ಲ ಮೇಷ್ಟ್ರೇ, ಒಂದೇ. ನಿಮ್ಮ ಈ ಬಿಳೀದೇ. ಇದನ್ನೇ ಒಂಬತ್ತು ವರ್ಷ ಒರೂರೊ ಊರಿಗೆ ಹೋಗೋ ರಸ್ತೇಲಿ ಟ್ಯಾಕ್ಸಿ ಮಾಡಿ ಓಡ್ಸಿದಾನೆ. ನೀವು ವಾರಕ್ಕೊಂದು ಹೇಳ್ತಾ ಹೋದ್ರಿ, ನಾವು ವಾರಕ್ಕೊಂದು ಸರಿಮಾಡಿಸ್ತಾ ಹೋದ್ವಿ.”

ಅವಳು ಏನಂದಳು ಎಂದು ನಿಕೋಲಾಸಾ ಕಿಟಕಿಯಿಂದ ಕತ್ತು ಹೊರಹಾಕಿ ಕೇಳಿದಳು. ಸಾಲಿಗೆ ಸಾಲೇ ಇನ್ನೂ ನಗುತ್ತ ಇತ್ತ ತಿರುಗಿತು. ತಿಬುರ್ಸಿಯೊ ಅವರೆಲ್ಲರಿಗಿಂತ ಜೋರಾಗಿ ನಗತೊಡಗಿದ.